ಲಿನಕ್ಸ್ ಮಿಂಟ್ 21: ತೋಟದ ಆಫೀಸಿನ ಹಳೇ ಲ್ಯಾಪ್‌ಟಾಪಿನಲ್ಲಿ ಮಳೆಗಾಲಗಳನ್ನು ಕಳೆದ ಮೇಲೆ

ವಿಂಡೋಸ್ ಬದಲು ಹಾಕಬಹುದಾದ ಈ ಆಪರೇಟಿಂಗ್ ಸಿಸ್ಟಮ್ಮಿಗೆ 5ಕ್ಕೆ 4 ಅಂಕ. ಒಂದು ಅಂಕ ಕಡಿಮೆ ಕೊಟ್ಟಿದ್ದು ಮಿಂಟ್ ನಿಧಾನ ಎಂದಲ್ಲ, ಸುಮ್ಮಸುಮ್ಮನೆ ಕೆಡುತ್ತದೆ ಎಂದೂ ಅಲ್ಲ. ಏನಾದರೂ ಸಿಕ್ಕಿಹಾಕಿಕೊಂಡಾಗ ಅದು ತೋರಿಸುವ ಸಂದೇಶ ಹೊಸಬರಿಗೆ ತಲೆಬುಡ ಅರ್ಥವಾಗುವುದಿಲ್ಲ. ಅರ್ಥವಾಗದೆ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಆಜ್ಞೆಯನ್ನೆಲ್ಲ ಹೊಡೆಯುತ್ತಾ ಹೋದರೆ ಆಮೇಲೆ ನಿಜಕ್ಕೂ ಕೆಡುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಒಪ್ಪದ ಹಳೇ ಲ್ಯಾಪ್‌ಟಾಪ್ ತೋಟದ ಆಫೀಸಿನಲ್ಲೋ ಹೋಮ್‌ಸ್ಟೇಯಲ್ಲೋ ಇದ್ದರೆ ಮಿಂಟ್ ಸರಿಯಾದ ಆಯ್ಕೆ. 4 ಜಿಬಿ ರ‍್ಯಾಮ್ ಇದ್ದರೆ ಮಿಂಟ್‌ನ ಹಗುರ ಡೆಸ್ಕ್‌ಟಾಪಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, 8 ಇದ್ದರೆ ಸ್ವಲ್ಪ ಭಾರದ ಸಿನಮನ್. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದು ಇದೆಲ್ಲಕ್ಕಿಂತ ಮುಖ್ಯ. ವೇಗದ ಬಗ್ಗೆ ಇಷ್ಟು ಸಾಕು.

ಮಿಂಟ್ 21 ಬಂದದ್ದು 2022ರ ಜುಲೈನಲ್ಲಿ. ಅದರ ತಳಪಾಯ ಉಬುಂಟು ಎಂಬ ಇನ್ನೊಂದು ಲಿನಕ್ಸಿನ 22.04 ಆವೃತ್ತಿ, ಭದ್ರತಾ ಅಪ್‌ಡೇಟ್ 2027ರ ಏಪ್ರಿಲ್‌ವರೆಗೆ. ಅದರದೇ ರೆಪಾಸಿಟರಿಯಿಂದ, ಅಂದರೆ ಇಂಟರ್‌ನೆಟ್ಟಿನ ಭಂಡಾರದಿಂದ, ಬಂದ ಪ್ಯಾಕೇಜುಗಳು (ತಂತ್ರಾಂಶದ ಕಟ್ಟುಗಳು) ಪರಸ್ಪರ ಜಗಳವಾಡುವುದು ಅಪರೂಪ. ತೊಂದರೆ ಶುರುವಾಗುವುದು ಹೊರಗಿನಿಂದ ತಂದ ಡೆಬ್ ಫೈಲಿನಿಂದ (ಬಿಡಿ ಪ್ಯಾಕೇಜಿನ ಫೈಲು) ಅಥವಾ ಯಾರೋ ಸೇರಿಸಿಟ್ಟ ಪಿಪಿಎ ಎಂಬ ಹೊರಗಿನ ರೆಪಾಸಿಟರಿಯಿಂದ. ಹಾಗಾಗಿ ಡಿಪೆಂಡೆನ್ಸಿ ದೋಷ, ಅಂದರೆ ಒಂದು ಪ್ಯಾಕೇಜಿಗೆ ಬೇಕಾದ ಇನ್ನೊಂದು ಸಿಗದ ತಕರಾರು, ಕಂಡಾಗ ಮೊದಲು ಹುಡುಕಬೇಕಾದ್ದು ಪರಿಹಾರವನ್ನಲ್ಲ, ಹೊರಗಿನವನು ಯಾರು ಎಂಬುದನ್ನು.

ಹೆಚ್ಚು ಕಾಡುವ ಉದಾಹರಣೆ ಲಿಬ್‌ಎಸ್‌ಎಸ್‌ಎಲ್ 1.1, ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ಹಳೇ ಲೈಬ್ರರಿ. ಪ್ರಿಂಟರ್ ಡ್ರೈವರ್, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ತಂತ್ರಾಂಶ, ಹಳೇ ಲೆಕ್ಕದ ಪ್ರೋಗ್ರಾಂ, ಹೀಗೆ 2022ಕ್ಕೆ ಮೊದಲು ಕಟ್ಟಿದ ಡೆಬ್ ಫೈಲುಗಳಲ್ಲಿ ಹಲವು ಅದನ್ನು ಕೇಳುತ್ತವೆ. ಉಬುಂಟು 22.04 ಓಪನ್‌ಎಸ್‌ಎಸ್‌ಎಲ್ 3ಕ್ಕೆ ದಾಟಿದ್ದರಿಂದ ಈ ಪ್ಯಾಕೇಜ್ ರೆಪಾಸಿಟರಿಯಲ್ಲೇ ಇಲ್ಲ. ಇಲ್ಲಿ ಹೊಸಬರು ಟರ್ಮಿನಲ್ಲಿನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ), ಪ್ಯಾಕೇಜುಗಳನ್ನು ಹಾಕಿ ತೆಗೆಯುವ ಆಪ್ಟ್ ಪ್ರೋಗ್ರಾಂಗೆ 'ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಹೊಡೆದು, ಬೇಕಾದ್ದು ಇಳಿದು ಬರುತ್ತದೆ ಅಂತ ಕಾಯುತ್ತಾರೆ. ಎಲ್ಲೂ ಇಲ್ಲದ್ದು ಎಲ್ಲಿಂದ ಬರಬೇಕು? ಅರ್ಧ ಕೂತಿದ್ದ ನಿಮ್ಮ ಡ್ರೈವರನ್ನೇ ಅದು ಕಿತ್ತು ಹಾಕುತ್ತದೆ. ಆಪ್ಟ್‌ನ ಲೆಕ್ಕದಲ್ಲಿ ಅದೇ ರಿಪೇರಿ.

ಮೊದಲ ದಾರಿ, ತಯಾರಕರ ಬಳಿ 22.04ಕ್ಕೆ ಕಟ್ಟಿದ ಹೊಸ ಫೈಲ್ ಇದೆಯೇ ನೋಡುವುದು. ಇಲ್ಲವಾದರೆ ಉಬುಂಟು 20.04ರ ಭಂಡಾರದಿಂದ ಲಿಬ್‌ಎಸ್‌ಎಸ್‌ಎಲ್ 1.1ರ ಡೆಬ್ ಒಂದನ್ನೇ ಇಳಿಸಿ ಹಾಕಬಹುದು. ಫೈಲಿನ ಹೆಸರು ಬೇರೆಯಾದ್ದರಿಂದ 1.1 ಮತ್ತು 3 ಒಟ್ಟಿಗೆ ಇರಬಲ್ಲವು. ಆದರೆ ಹೀಗೆ ಕೈಯಾರೆ ಹಾಕಿದ್ದಕ್ಕೆ ಮಿಂಟ್‌ನಿಂದ ಅಪ್‌ಡೇಟ್ ಬರುವುದಿಲ್ಲ. ಮೂಲ ಓಪನ್‌ಎಸ್‌ಎಸ್‌ಎಲ್ ಯೋಜನೆಯೂ 1.1.1ಕ್ಕೆ ಸಾರ್ವಜನಿಕ ಬೆಂಬಲವನ್ನು 2023ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿದೆ. ಪ್ರಿಂಟರಿಗಾದರೆ ಪರವಾಗಿಲ್ಲ, ಬ್ಯಾಂಕು, ತೆರಿಗೆ ವ್ಯವಹಾರದ ತಂತ್ರಾಂಶಕ್ಕೆ ಈ ಸಾಹಸ ಬೇಡ. ಯಾವ ಡೆಬ್ ಹಾಕುವಾಗಲೂ ಡಿಪಿಕೆಜಿ (ಡಿಪೆಂಡೆನ್ಸಿ ತರದ ಕೆಳಹಂತದ ಆಜ್ಞೆ) ಬಿಟ್ಟು 'ಆಪ್ಟ್ ಇನ್‌ಸ್ಟಾಲ್' ಆದ ಮೇಲೆ ಚುಕ್ಕಿ, ಓರೆಗೆರೆ, ಫೈಲಿನ ಹೆಸರು ಕೊಡಿ. ಆಗ ಸಿಗುವ ಡಿಪೆಂಡೆನ್ಸಿಗಳನ್ನು ಅದೇ ತರುತ್ತದೆ.

ಎಂದಿಗೂ ಮಾಡಬಾರದ್ದು, ಒಂದು ಪ್ಯಾಕೇಜಿನ ಆಸೆಗೆ ಉಬುಂಟು 24.04ರ ರೆಪಾಸಿಟರಿ ಸಾಲನ್ನು ಮಿಂಟ್ 21ರ ಪಟ್ಟಿಗೆ ಸೇರಿಸುವುದು. ಹೆಚ್ಚಿನ ಪ್ರೋಗ್ರಾಂಗಳು ಆಧರಿಸುವ ಮೂಲ ಲೈಬ್ರರಿ ಜಿಲಿಬ್‌ಸಿ. 22.04ರಲ್ಲಿ ಅದರ 2.35 ಆವೃತ್ತಿ ಇದೆ, 24.04ರಲ್ಲಿ 2.39. ಹೊಸ ಪ್ಯಾಕೇಜ್ ಒಂದನ್ನು ಎಳೆದರೆ ಜಿಲಿಬ್‌ಸಿಯೂ ಜೊತೆಗೆ ಏರುತ್ತದೆ, ಅದರ ಹಿಂದೆ ಅರ್ಧ ಸಿಸ್ಟಂ. ಹಾಗೆ ಏರಿದ್ದನ್ನು ಇಳಿಸುವುದಕ್ಕಿಂತ ಮಿಂಟನ್ನೇ ಹೊಸದಾಗಿ ಹಾಕುವುದು ಬೇಗ ಮುಗಿಯುತ್ತದೆ.

ಹೊರಗಿನವನನ್ನು ಪತ್ತೆ ಮಾಡುವುದು ಕಷ್ಟವಲ್ಲ. 'ಆಪ್ಟ್ ಪಾಲಿಸಿ' ಜೊತೆಗೆ ಪ್ಯಾಕೇಜಿನ ಹೆಸರು ಕೊಡಿ. ಆಜ್ಞೆಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರದಲ್ಲೇ ಎಂಬುದು ನೆನಪಿರಲಿ. ಹಾಕಿರುವ ಆವೃತ್ತಿಯ ಕೆಳಗೆ 500 ಎಂಬ ಅಂಕಿಯೂ ಒಂದು ವಿಳಾಸವೂ ಇದ್ದರೆ ಅದು ಯಾವುದೋ ರೆಪಾಸಿಟರಿಯದು. ಯಾವುದೆಂದು ಆ ವಿಳಾಸವೇ ಹೇಳುತ್ತದೆ. ಬರೀ 100 ಮತ್ತು ಡಿಪಿಕೆಜಿ ಸ್ಟೇಟಸ್ ಫೈಲಿನ ಹೆಸರಷ್ಟೇ ಇದ್ದರೆ ಆ ಆವೃತ್ತಿ ಯಾವ ರೆಪಾಸಿಟರಿಯಲ್ಲೂ ಇಲ್ಲ. 'ಆಪ್ಟ್-ಮಾರ್ಕ್ ಶೋಹೋಲ್ಡ್' ಕೊಟ್ಟರೆ ತಡೆಹಿಡಿದ ಪ್ಯಾಕೇಜುಗಳು ಕಾಣುತ್ತವೆ. ಟರ್ಮಿನಲ್ ಬೇಡ ಎನ್ನುವವರಿಗೆ ಸಾಫ್ಟ್‌ವೇರ್ ಸೋರ್ಸಸ್‌ನ ಮೇಂಟೆನೆನ್ಸ್ ಪುಟದಲ್ಲಿ ಫಾರಿನ್ ಪ್ಯಾಕೇಜುಗಳನ್ನು ತೆಗೆಯುವ, ಹಳೇ ಆವೃತ್ತಿಗೆ ಇಳಿಸುವ ಎರಡು ಗುಂಡಿಗಳಿವೆ. ಮಿಂಟ್‌ನ ನಿಜವಾದ ಉಪಕಾರ ಇದು. ಆದರೆ ಪಟ್ಟಿಯನ್ನು ಓದದೆ ಎಲ್ಲಕ್ಕೂ ಟಿಕ್ ಹಾಕಿದರೆ ನೀವೇ ಬೇಕೆಂದು ಹಾಕಿದ ಪ್ರಿಂಟರ್ ಡ್ರೈವರೂ ಹೋಗುತ್ತದೆ.

ನುಡಿ ಕನ್ನಡ ತಂತ್ರಾಂಶ ಬೇಕೆಂದು, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಹಾಕುವವರಿಗೆ ಇನ್ನೊಂದು ಗಂಟು ಎದುರಾಗಬಹುದು. 32 ಬಿಟ್ ವೈನ್‌ಗೆ ಲೈಬ್ರರಿಗಳ 32 ಬಿಟ್ ರೂಪ ಬೇಕು, ಆಗಲೇ ಇರುವ 64 ಬಿಟ್ ರೂಪಕ್ಕಿಂತ ಅದರ ಆವೃತ್ತಿ ಕೂದಲೆಳೆಯಷ್ಟೂ ಬೇರೆ ಇರಬಾರದು. ಯಾವುದೋ ಪಿಪಿಎ 64 ಬಿಟ್‌ನದನ್ನು ಮಾತ್ರ ಮೇಲೇರಿಸಿದ್ದರೆ ವೈನ್ ಹಾಕಲು ಆಗುವುದೇ ಇಲ್ಲ. 'ಹೆಲ್ಡ್ ಬ್ರೋಕನ್ ಪ್ಯಾಕೇಜಸ್' ಎಂಬ ದೂರು ಬರುತ್ತದೆ, ನೀವು ಏನನ್ನೂ ಹೋಲ್ಡ್ ಮಾಡಿರುವುದಿಲ್ಲ. ಆ ಲೈಬ್ರರಿಯನ್ನು ಹಳೇ ಆವೃತ್ತಿಗೆ ಇಳಿಸಿದರೆ ದಾರಿ ಬಿಡುತ್ತದೆ. ಬರೀ ಕನ್ನಡ ಟೈಪ್ ಮಾಡಲು ವೈನ್ ಬೇಕಿಲ್ಲ: ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೇ ಕಗಪ ಇದೆ, ಗುಬ್ಬಿ ಮತ್ತು ನವಿಲು ಫಾಂಟುಗಳು ರೆಪಾಸಿಟರಿಯಲ್ಲಿವೆ.

ಆಪ್‌ಇಮೇಜ್ ಫೈಲು (ಇನ್‌ಸ್ಟಾಲ್ ಮಾಡದೆ ಓಡುವ ತಂತ್ರಾಂಶ) ತೆರೆಯದಿದ್ದರೆ 'ಲಿಬ್‌ಫ್ಯೂಸ್2' ಹಾಕಿ. ಬರೀ 'ಫ್ಯೂಸ್' ಹಾಕಬೇಡಿ. ಅದು ಫ್ಯೂಸ್3 ತೆಗೆಸಿ ಡೆಸ್ಕ್‌ಟಾಪಿಗೆ ಬೇಕಾದ್ದನ್ನೂ ಜೊತೆಗೆ ಒಯ್ಯಬಲ್ಲದು. ಯಾವ ಆಜ್ಞೆಗಾದರೂ ವೈ ಒತ್ತುವ ಮೊದಲು 'ರಿಮೂವ್ಡ್' ಎಂಬ ಸಾಲು ಓದಿ. ಅಲ್ಲಿ ಸಿನಮನ್, ಎಕ್ಸ್‌ಎಫ್‌ಸಿಇ ಅಥವಾ ಮಿಂಟ್-ಮೆಟಾ ಎಂಬ ಹೆಸರು ಕಂಡರೆ ಎನ್ ಒತ್ತಿ ಹೊರಬನ್ನಿ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.10 ಆವೃತ್ತಿ ಹಳೆಯದಾಯಿತೆಂದು ಸಿಸ್ಟಂನ ಪೈಥಾನನ್ನೇ ಬದಲಿಸಿದವರ ಅಪ್‌ಡೇಟ್ ಮ್ಯಾನೇಜರ್ ತೆರೆಯುವುದಿಲ್ಲ, ಏಕೆಂದರೆ ಅದನ್ನು ಬರೆದಿರುವುದೇ ಆ ಪೈಥಾನಿನಲ್ಲಿ. 'ಪೈಥಾನ್3-ವೆನ್ವ್' ಹಾಕಿ, ಪ್ರತಿ ಕೆಲಸಕ್ಕೂ ಪ್ರತ್ಯೇಕ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ. ಸುಡೊ (ನಿರ್ವಾಹಕನ ಅಧಿಕಾರ ಕೊಡುವ ಆಜ್ಞೆ) ಹಚ್ಚಿ ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಆಜ್ಞೆ) ಓಡಿಸುವ ಅಭ್ಯಾಸ ಬೇಡವೇ ಬೇಡ.

ಇನ್ನು ಕೊಡಗಿನದೇ ಆದ ಕಾಟ, ಕರೆಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ನಾಪೋಕ್ಲು ಕಡೆ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಅಪ್‌ಡೇಟ್ ನಡುವೆಯೇ ಯಂತ್ರ ಆರುತ್ತದೆ. ಆನ್ ಮಾಡಿದ ಮೇಲೆ ಮೊದಲು 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ', ನಂತರ ಫಿಕ್ಸ್-ಬ್ರೋಕನ್, ಈ ಕ್ರಮದಲ್ಲೇ. ಕರ್ನಲ್ (ಸಿಸ್ಟಮ್ಮಿನ ತಿರುಳು) ಅಪ್‌ಡೇಟ್ ಅರ್ಧಕ್ಕೆ ನಿಂತು ಬೂಟ್ ಆಗದಿದ್ದರೆ, ಆನ್ ಮಾಡುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ ಒಳಹೋಗಿ, ಆಮೇಲೆ ಇದೇ ಎರಡು ಆಜ್ಞೆ. ನೆಟ್‌ವರ್ಕ್ ದುರ್ಬಲವಾಗಿರುವ ಕಡೆ '--ಡೌನ್‌ಲೋಡ್-ಓನ್ಲಿ' ಬಳಸಿ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಇಳಿಸಿಕೊಂಡು, ತೋಟದಲ್ಲಿ ಕರೆಂಟಿದ್ದಾಗ ಹಾಕಬಹುದು.

ಇನ್ನೊಂದನ್ನು ಯಾರೂ ಸಂಶಯಿಸುವುದೇ ಇಲ್ಲ. 'ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್' ಎಂದು ಆಪ್ಟ್ ಹೇಳಿದರೆ ರೆಪಾಸಿಟರಿ ಸರಿಯಾಗಿಯೇ ಇದೆ, ನಿಮ್ಮ ಗಡಿಯಾರ ಹಿಂದಿದೆ. ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ಮುಗಿದಿದ್ದರೆ ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ಹಲವು ಯಂತ್ರಗಳಲ್ಲಿ ಅದು ಸಿಆರ್ 2032. ತಾರೀಖು ಸರಿಮಾಡಿ ಮತ್ತೆ ಅಪ್‌ಡೇಟ್ ಓಡಿಸಿ, ಸೆಲ್ ಬದಲಿಸಿ.

ಸಿಸ್ಟಮ್ಮಿನ ಪ್ರತಿ (ಸ್ನ್ಯಾಪ್‌ಶಾಟ್) ತೆಗೆದಿಡುವ ಟೈಮ್‌ಶಿಫ್ಟ್ ಮಿಂಟ್‌ನ ಜೊತೆಗೇ ಬರುತ್ತದೆ. ಹೊರಗಿನ ಡಿಸ್ಕಿನಲ್ಲಿ ಇಡುವುದಾದರೆ ಅದನ್ನು ಎಕ್ಸ್‌ಟಿ4ನಂಥ ಲಿನಕ್ಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿರಬೇಕು, ವಿಂಡೋಸಿನ ಎನ್‌ಟಿಎಫ್‌ಎಸ್ ನಡೆಯದು. ಅದು ಉಳಿಸುವುದು ಸಿಸ್ಟಮ್ಮನ್ನು. ಕಾಫಿ, ಕರಿಮೆಣಸಿನ ಲೆಕ್ಕದ ಫೈಲುಗಳಿಗೆ ಬೇರೆ ಬ್ಯಾಕಪ್ ಬೇಕು.

ಮಿಂಟ್ 22ಕ್ಕೆ (ಇದರ ತಳಪಾಯ ಉಬುಂಟು 24.04) ಏರುವವರು ಮೊದಲು 21.3ಕ್ಕೆ ಬಂದು, ಸ್ನ್ಯಾಪ್‌ಶಾಟ್ ತೆಗೆದು, ಪಿಪಿಎಗಳನ್ನು ನಿಲ್ಲಿಸಿ, ಆಮೇಲೆ 'ಮಿಂಟ್‌ಅಪ್‌ಗ್ರೇಡ್' ಓಡಿಸಿ. ಅಲ್ಲಿ ಕೆಲವು ಹೆಸರಿಗೆ ಟಿ64 ಬಾಲ ಅಂಟಿದೆ: ಲಿಬ್‌ಫ್ಯೂಸ್2 ಈಗ ಲಿಬ್‌ಫ್ಯೂಸ್2ಟಿ64. ಹಳೇ ಡೆಬ್‌ಗಳು ಕೇಳುವ ಲಿಬ್‌ಟಿನ್ಫೋ5 ಅಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ನಿಮ್ಮ ಡ್ರೈವರಿಗೆ 24.04ರ ಫೈಲು ಸಿಗುತ್ತದೆಯೇ ಎಂದು ಮೊದಲೇ ನೋಡಿ, ರೊಬಸ್ಟಾ ಕೊಯ್ಲಿನ ಲೆಕ್ಕ ಮುಗಿದು ಜೂನ್ ಮಳೆ ಹಿಡಿಯುವ ಮೊದಲು ಈ ಕೆಲಸಕ್ಕೆ ಕೂರಿ.