ಟಸ್ಕನಿ ಪ್ಯಾಕೇಜಿಗೆ ಮುಂಗಡ ಕಟ್ಟುವ ಮುನ್ನ ದಯವಿಟ್ಟು ಇದನ್ನು ಓದಿ

ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರನ್ನು ನಂಬಿ, ವಯಸ್ಸಾದ ತಂದೆ ತಾಯಿಯನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ಇಟಲಿಯ ಟಸ್ಕನಿ ಪ್ರಾಂತ್ಯಕ್ಕೆ ಹೋಗಿ, ಹಣ ಕೊಟ್ಟು ಅವಮಾನ ಪಡೆದು ಬಂದಿದ್ದೇವೆ. ವಕೀಲರು ಸದ್ಯಕ್ಕೆ ಬೇಡವೆಂದಿರುವುದರಿಂದ ಅವರ ಹೆಸರನ್ನು ಬರೆಯುತ್ತಿಲ್ಲ. ಆದರೆ ಇದೇ ಬಗೆಯ ಪ್ಯಾಕೇಜನ್ನು ಮಾರುವವರು ಇನ್ನೂ ಹಲವರಿದ್ದಾರೆ. ಬೇಸಿಗೆ ರಜೆಗೆ ಹೊರಟವರಾದರೂ ಎಚ್ಚರದಿಂದಿರಲಿ.

ಅವರು ಕೊಟ್ಟ ಪಟ್ಟಿಯಲ್ಲಿ ಫ್ಲಾರೆನ್ಸ್‌ನ ಉಫಿಜಿ ಚಿತ್ರಶಾಲೆ, ಮೈಕೆಲೇಂಜೆಲೊ ಕೆತ್ತಿದ ಡೇವಿಡ್ ಪ್ರತಿಮೆ, ಪೀಸಾದ ವಾಲುವ ಗೋಪುರವನ್ನು ಹತ್ತುವುದು, ಸಿಯೆನಾದ ಕ್ಯಾಥೆಡ್ರಲ್, ಸ್ಯಾನ್ ಜಿಮಿನ್ಯಾನೊ ಎಲ್ಲವೂ ಇದ್ದವು. ಪ್ರವೇಶ ಶುಲ್ಕ ಸೇರಿದೆ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಫ್ಲಾರೆನ್ಸ್‌ಗೆ ಗೊತ್ತುಮಾಡಿದ್ದು ಸೋಮವಾರ. ಉಫಿಜಿಗೂ ಡೇವಿಡ್ ಇರುವ ಅಕಾಡೆಮಿಯಾ ಗ್ಯಾಲರಿಗೂ ಸೋಮವಾರ ವಾರದ ರಜೆ. ವರ್ಷವಿಡೀ ಜನರನ್ನು ಅಲ್ಲಿಗೆ ಕರೆದೊಯ್ಯುವವರಿಗೆ ಇದು ತಿಳಿದಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಪಲಾಝೊ ವೆಕ್ಕಿಯೊ ಎಂಬ ಹಳೆಯ ಅರಮನೆಯ ಬಾಗಿಲ ಮುಂದೆ, ಬಿಸಿಲು ಸುಡುವ ಚೌಕದಲ್ಲಿ ಟೂರ್ ಮ್ಯಾನೇಜರ್ ನಮ್ಮನ್ನೆಲ್ಲ ನಿಲ್ಲಿಸಿ, "ಇದೇ ಮೈಕೆಲೇಂಜೆಲೊನ ಡೇವಿಡ್, ಬೇಗ ಫೋಟೊ ತೆಗೆದುಕೊಳ್ಳಿ" ಎಂದರು. ನನ್ನ ತಂದೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಆ ಪ್ರತಿಮೆಯ ಬಲಗೈಯ ಉಬ್ಬಿದ ನರಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ ಮಕ್ಕಳಿಗೆ ಪಾಠ ಮಾಡಿದವರು. ಅವರು ಅಲ್ಲಿಂದಲೇ ಊರಿನ ಗೆಳೆಯರಿಗೆಲ್ಲ ಫೋಟೊ ಕಳುಹಿಸಿದರು. ಆಮೇಲೆ ಸುತ್ತಲೂ ಒಮ್ಮೆ ನಡೆದು ಬಂದು, ತಲೆಯ ಮೇಲೆ ಕೂತ ಪಾರಿವಾಳವನ್ನೇ ನೋಡುತ್ತಾ, "ಐನೂರು ವರ್ಷದ ಕಲ್ಲನ್ನು ಮಳೆ ಗಾಳಿಗೆ ಹೀಗೆ ಬಿಟ್ಟಿದ್ದಾರೆಯೇ?" ಎಂದು ಕೇಳಿದರು. "ಹೌದು ಸರ್, ಅಂದಿನಿಂದಲೂ ಇಲ್ಲೇ ಇದೆ" ಎಂಬ ಉತ್ತರ ಬಂತು. ಪಕ್ಕದಲ್ಲಿ ಬೇರೊಂದು ಗುಂಪನ್ನು ಕರೆತಂದಿದ್ದ ಸ್ಥಳೀಯ ಗೈಡ್ ಒಬ್ಬರು ಅದನ್ನು ಕೇಳಿಸಿಕೊಂಡು ಸುಮ್ಮನಿರಲಾಗದೆ ನಿಜ ಹೇಳಿದರು: 1504ರಿಂದ ಇಲ್ಲಿದ್ದ ಮೂಲ ಪ್ರತಿಮೆಯನ್ನು 1873ರಲ್ಲಿ ಅಕಾಡೆಮಿಯಾಕ್ಕೆ ಸಾಗಿಸಿದ್ದಾರೆ, ಈಗ ಇಲ್ಲಿರುವುದು 1910ರಲ್ಲಿ ನಿಲ್ಲಿಸಿದ ಪ್ರತಿಕೃತಿ. ತಂದೆಯವರು ಏನೂ ಮಾತಾಡದೆ ಮೊಬೈಲ್ ತೆರೆದು, ಕಳುಹಿಸಿದ ಫೋಟೊಗಳನ್ನು ಒಂದೊಂದಾಗಿ ಅಳಿಸತೊಡಗಿದರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಆಫೀಸಿಗೆ ಫೋನ್ ಮಾಡಿದರೆ ಬಂದ ಉತ್ತರ ಹೀಗಿತ್ತು: "ಡೇವಿಡ್ ತೋರಿಸುತ್ತೇವೆ ಎಂದಿದ್ದೆವು, ತೋರಿಸಿದ್ದೇವಲ್ಲ ಸರ್." ಟಿಕೆಟ್ ಹಣ ಏನಾಯಿತು ಎಂದು ಕೇಳಿದೆ. "ಸೋಮವಾರ ಅವರು ಬಾಗಿಲು ಹಾಕಿದರೆ ನಾವೇನು ಮಾಡಲು ಸಾಧ್ಯ? ಬಸ್ಸಿನಲ್ಲಿ ಇಷ್ಟು ಜನರಿದ್ದಾರೆ, ಕೇಳುತ್ತಿರುವುದು ನೀವೊಬ್ಬರೇ." ನಾವೊಬ್ಬರೇ ಕೇಳಿದರೆ ಅದು ಸುಳ್ಳಾಗಿಬಿಡುತ್ತದೆಯೇ?

ಪೀಸಾದಲ್ಲಿ ಆದದ್ದು ಇದಕ್ಕಿಂತ ಕೀಳು. 1173ರಲ್ಲಿ ಕಟ್ಟಲು ಆರಂಭಿಸಿದ ಆ ಗೋಪುರವನ್ನು, ವಾಲುವಿಕೆ ಅಪಾಯದ ಮಟ್ಟ ಮುಟ್ಟಿದ್ದರಿಂದ 1990ರಿಂದ 2001ರವರೆಗೆ ಮುಚ್ಚಿ ಭದ್ರಪಡಿಸಿದ್ದರು. ಈಗಲೂ ಮೇಲೆ ಬಿಡುವುದು ಸಣ್ಣ ಸಣ್ಣ ಗುಂಪುಗಳನ್ನು, ಅದೂ ಗೊತ್ತುಪಡಿಸಿದ ಹೊತ್ತಿಗೆ. ನಮ್ಮ ಹೆಸರಿನಲ್ಲಿ ಒಂದು ಟಿಕೆಟನ್ನೂ ಅವರು ಕೊಂಡಿರಲಿಲ್ಲ. ಕೌಂಟರಿನಲ್ಲಿ ಕೇಳಿದರೆ ಸಂಜೆಯವರೆಗೆ ಜಾಗವಿಲ್ಲ ಎಂದರು. ಸಾಲದ್ದಕ್ಕೆ, ಎಂಟು ವರ್ಷದೊಳಗಿನ ಮಕ್ಕಳನ್ನು ಗೋಪುರಕ್ಕೆ ಬಿಡುವುದೇ ಇಲ್ಲ ಎಂಬ ನಿಯಮ ಅಲ್ಲೇ ಬರೆದಿದೆ, ಆದರೂ ನನ್ನ ಮಗಳ ಹೆಸರಿನಲ್ಲಿ ಗೋಪುರದ ಹಣ ವಸೂಲಾಗಿದೆ! ಇದಕ್ಕೆ ಮ್ಯಾನೇಜರ್ ಕೊಟ್ಟ ಸಮಾಧಾನವೇನು ಗೊತ್ತೇ? "ಗೋಪುರವನ್ನು ಕೈಯಲ್ಲಿ ತಳ್ಳುವ ಹಾಗೆ ಫೋಟೊ ತೆಗೆಸಿ, ಮಗು ಖುಷಿಪಡುತ್ತದೆ."

ಸಿಯೆನಾದಲ್ಲಿ ಕ್ಯಾಥೆಡ್ರಲ್ಲಿನ ಮೆಟ್ಟಿಲವರೆಗೆ ಕರೆದೊಯ್ದು, ಒಳಗೆ ಹೋಗಬೇಕಾದರೆ ಬೇರೆ ದುಡ್ಡು ಎಂದರು. ಒಂದು ಕಾಲದಲ್ಲಿ 72 ಗೋಪುರಗಳಿದ್ದು ಈಗ 14 ಉಳಿದಿರುವ ಸ್ಯಾನ್ ಜಿಮಿನ್ಯಾನೊ ಊರನ್ನಂತೂ ರಸ್ತೆಬದಿಯಿಂದ, ದೂರದಿಂದ ತೋರಿಸಿದರು. ಬಸ್ಸು ಊರಿನ ಕೋಟೆಗೋಡೆಯ ಒಳಗೆ ಹೋಗುವುದಿಲ್ಲವಂತೆ. ಬಸ್ಸು ಹೋಗದಿದ್ದರೇನು, ನಮಗೆ ಕಾಲಿರಲಿಲ್ಲವೇ? ಆ ಹೊತ್ತನ್ನೆಲ್ಲ ಅವರು ಕಳೆದದ್ದು ಹೆದ್ದಾರಿಯ ಪಕ್ಕದ ಒಂದು ಚರ್ಮದ ಸಾಮಾನಿನ ಮಳಿಗೆಯಲ್ಲಿ.

ಹೋಗುವವರು ಇಷ್ಟು ಮಾಡಿ. ಉಫಿಜಿ, ಅಕಾಡೆಮಿಯಾ, ಪೀಸಾದ ಗೋಪುರ ಇವುಗಳ ಟಿಕೆಟುಗಳು ದಿನಾಂಕ ಮತ್ತು ವೇಳೆಯೊಂದಿಗೆ ಕೈಗೆ ಬರುವವರೆಗೆ ಬಾಕಿ ಹಣ ಕಟ್ಟಬೇಡಿ. ಫ್ಲಾರೆನ್ಸ್‌ಗೆ ಸೋಮವಾರ ಹಾಕಿದ್ದರೆ ಅಲ್ಲೇ ಎದ್ದು ಬನ್ನಿ. ಬಾಯಿಮಾತಿನ ಭರವಸೆಯನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ನನ್ನ ಬಳಿ ಈಗ ಉಪಯೋಗಕ್ಕೆ ಬರುತ್ತಿರುವುದು ಅದೊಂದೇ.

ವಾಪಸು ಬಂದ ಮೇಲೆ ಅವರು ದುಬೈ ಟೂರ್‌ಗೆ ರಿಯಾಯಿತಿ ಕೂಪನ್ ಕಳುಹಿಸಿದರು, ನಾನು ಹಿಂದಿರುಗಿಸಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಿದ್ಧವಾಗುತ್ತಿದೆ. ಸೋಮವಾರ ಫ್ಲಾರೆನ್ಸ್ ಇರುವ ಇಂಥದೇ ಪಟ್ಟಿ ಹಿಡಿದು ಹೋಗಿ ಬಂದವರು ನಿಮ್ಮಲ್ಲಿದ್ದರೆ ರಸೀದಿಯನ್ನೂ ಪಟ್ಟಿಯನ್ನೂ ಜೋಪಾನವಾಗಿಟ್ಟು ನನ್ನನ್ನು ಸಂಪರ್ಕಿಸಿ. ದೂರಿನೊಂದಿಗೆ ಅವನ್ನೂ ಸೇರಿಸುತ್ತೇನೆ.