ಜೇಡದ ಡಿಎನ್‌ಎ ಮಾರ್ಕರ್ ಮಾಡಿಕೊಡುವ ಲ್ಯಾಬ್ ಸೇವೆ: ನನ್ನ ಅನುಭವ

ನಾನು ಕಲಬುರಗಿಯಲ್ಲಿ ಗುಂಪಾಗಿ ಬದುಕುವ ಜೇಡದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಹೆಸರು ಸ್ಟೆಗೋಡಿಫಸ್ ಸರಾಸಿನೋರಮ್. ಮುಳ್ಳು ಬೇಲಿಗಳಲ್ಲಿ ದೊಡ್ಡ ಗೂಡು ಕಟ್ಟಿ ಎಷ್ಟೋ ಜೇಡ ಒಟ್ಟಿಗೆ ಇರುತ್ತವೆ. ಆಳಂದದ ಗೂಡಿಗೂ ಚಿತ್ತಾಪುರದ ಗೂಡಿಗೂ ಎಷ್ಟು ನಂಟಿದೆ ಎಂದು ತಿಳಿಯಲು ಮೈಕ್ರೋಸ್ಯಾಟಲೈಟ್ ಮಾರ್ಕರ್ ಬೇಕು. ಡಿಎನ್‌ಎಯಲ್ಲಿ 2ರಿಂದ 6 ಅಕ್ಷರದ ತುಣುಕು ಸಾಲಾಗಿ ಮತ್ತೆ ಮತ್ತೆ ಬರುವ ಜಾಗ ಅದು. ಎಷ್ಟು ಸಲ ಬರುತ್ತದೆ ಅನ್ನೋದು ಜೇಡದಿಂದ ಜೇಡಕ್ಕೆ ಬೇರೆಯಾಗಬಹುದು. ಕೆಲಸವನ್ನು ಬೆಂಗಳೂರಿನ ಒಂದು ಖಾಸಗಿ ಲ್ಯಾಬ್‌ಗೆ ಕೊಟ್ಟೆ.

ಶುರು ತುಂಬಾ ಚೆನ್ನಾಗಿತ್ತು. ಅವರೇ ಫೋನ್ ಮಾಡಿ, ‘ಹೊಟ್ಟೆ ಭಾಗ ಬೇಡ ಮೇಡಂ, ಕಾಲು ಮಾತ್ರ ಕಳಿಸಿ’ ಅಂದರು. ಹೊಟ್ಟೆಯಲ್ಲಿ ತಿಂದ ಹುಳದ ಡಿಎನ್‌ಎ ಬೆರೆತಿರುತ್ತದೆ, ಅಲ್ವಾ? ಕಾಲು ಕೆಡದಂತೆ ಇಡಲು ಆಲ್ಕೋಹಾಲ್ ತುಂಬಿದ ಟ್ಯೂಬನ್ನು ಕೊರಿಯರ್‌ನವರು ಮುಟ್ಟಲ್ಲ. ಅದನ್ನು ಬಸಿದು, ಕಾಲು ಹಸಿ ಇರುವಾಗಲೇ ಮುಚ್ಚಿ ಕಳಿಸಲು ಹೇಳಿಕೊಟ್ಟರು. ನಮ್ಮ ಮೇ ತಿಂಗಳ ಬಿಸಿಲಿನಲ್ಲೂ ಡಿಎನ್‌ಎ ಕೆಡದೆ ತಲುಪಿತು.

ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎ ಅಕ್ಷರಗಳನ್ನು ಓದುವ ಕೆಲಸ, ಇಲ್ಯುಮಿನಾ ಕಂಪನಿಯ ಯಂತ್ರದಲ್ಲಿ. ಈ ಜೇಡದ ಹತ್ತಿರದ ಬಂಧು ಸ್ಟೆಗೋಡಿಫಸ್ ಮಿಮೋಸಾರಮ್‌ನ ಜೀನೋಮ್ (ಪೂರ್ತಿ ಡಿಎನ್‌ಎ) 2014ರಲ್ಲಿ ಪ್ರಕಟವಾಯಿತು, 250 ಕೋಟಿ ಅಕ್ಷರಕ್ಕೂ ಜಾಸ್ತಿ. ಅಷ್ಟನ್ನೆಲ್ಲ ಜೋಡಿಸುವ ಗೋಜು ನಮಗೆ ಬೇಡ. ಅಲ್ಲಲ್ಲಿ ಓದಿದ ತುಣುಕುಗಳಲ್ಲೇ ಕಂಪ್ಯೂಟರ್ ಈ ಜಾಗಗಳನ್ನು ಹುಡುಕುತ್ತದೆ. ಮೊದಲು ಇದಕ್ಕೆ ತುಣುಕುಗಳನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸಿ ಒಂದೊಂದಾಗಿ ಜಾಲಾಡಬೇಕಿತ್ತು.

ಬೇಸರವಾಗಿದ್ದು ಪ್ರೈಮರ್ ವರದಿಯಲ್ಲಿ. ಪ್ರೈಮರ್ ಅಂದರೆ ಬೇಕಾದ ಜಾಗದ ಎರಡೂ ಬದಿಗೆ ಅಂಟಿ, ಅದರ ನಕಲು ಶುರು ಮಾಡಿಸುವ ಪುಟ್ಟ ಡಿಎನ್‌ಎ ತುಣುಕು. ಒಂದೇ ಜೇಡದ ಡಿಎನ್‌ಎ ಮೇಲೆ ಪಿಸಿಆರ್ (ಆ ಜಾಗವನ್ನು ಮತ್ತೆ ಮತ್ತೆ ನಕಲು ಮಾಡುವ ವಿಧಾನ) ಮಾಡಿ, ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಬ್ಯಾಂಡ್ (ಗೆರೆ) ಬಂದದ್ದಕ್ಕೆಲ್ಲ ‘ಯಶಸ್ವಿ’ ಎಂದು ಬರೆದಿದ್ದರು. ಬ್ಯಾಂಡ್ ಬಂದರೆ ಆ ಜಾಗ ನಕಲಾಗುತ್ತದೆ ಎಂದಷ್ಟೇ ಅರ್ಥ. ಜೇಡದಿಂದ ಜೇಡಕ್ಕೆ ವ್ಯತ್ಯಾಸ ಇದೆಯೋ ಇಲ್ಲವೋ ಗೊತ್ತಾಗಲ್ಲ. ಈ ಜಾತಿಯಲ್ಲಿ ಗೂಡಿನೊಳಗಿನ ಅಣ್ಣತಂಗಿಯರೇ ಕೂಡುತ್ತವೆ, ಹಾಗಾಗಿ ವ್ಯತ್ಯಾಸ ಮೊದಲೇ ಕಡಿಮೆ. ಯಾದಗಿರಿ, ಬೀದರ್‌ನ ಗೂಡುಗಳ ಮೇಲೆ ನಾನೇ ಪರೀಕ್ಷಿಸಿದಾಗ ಎಷ್ಟೋ ಮಾರ್ಕರ್ ಎಲ್ಲ ಕಡೆ ಒಂದೇ ಉದ್ದ ತೋರಿಸಿದವು. ನನ್ನ ಪ್ರಶ್ನೆಗೆ ಅವು ಕೆಲಸಕ್ಕೆ ಬಾರವು. ಲ್ಯಾಬ್‌ನವರನ್ನು ಕೇಳಿದರೆ, ಆ ಪರೀಕ್ಷೆಗೆ ಬೇರೆ ದುಡ್ಡು ಅಂದರು. ಇದನ್ನು ಮೊದಲೇ ಹೇಳಬೇಕಿತ್ತು.

ಆದರೆ ಕಚ್ಚಾ ಫೈಲ್‌ಗಳನ್ನೆಲ್ಲ ಕೇಳದೆಯೇ ಹಾರ್ಡ್ ಡಿಸ್ಕ್‌ನಲ್ಲಿ ಕೊಟ್ಟರು. ಅದರಿಂದಲೇ ಹೊಸ ಜಾಗ ಹುಡುಕಿ, ಪ್ರೈಮರ್3 ಎಂಬ ಸಾಫ್ಟ್‌ವೇರ್‌ನಲ್ಲಿ ಪ್ರೈಮರ್ ಮಾಡಿ, ಕೊನೆಗೆ ಕೆಲಸಕ್ಕೆ ಬರುವ ಮಾರ್ಕರ್ ಪಡೆದೆ. ಸೀಕ್ವೆನ್ಸಿಂಗ್‌ಗೆ ಇವರ ಹತ್ತಿರ ಧೈರ್ಯವಾಗಿ ಹೋಗಿ. ಮಾರ್ಕರ್ ಕೂಡ ಬೇಕಿದ್ದರೆ, ಬೇರೆ ಬೇರೆ ಊರಿನ ಜೇಡಗಳ ಮೇಲೆ ಪರೀಕ್ಷೆ ಮಾಡಿಕೊಡುತ್ತೇವೆ ಎಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.