‘ಓವರ್‌ಕ್ಲಾಕ್ ಮಾಡಿ ಕೊಟ್ಟಿದ್ದೀವಿ ಸಾರ್’ ಅಂದರೆ ಮೊದಲು ವೋಲ್ಟೇಜ್ ಕೇಳಿ

ತುಮಕೂರಿನಲ್ಲಿ ಹೊಸದಾಗಿ ಸಿಸ್ಟಮ್ ಅಸೆಂಬಲ್ ಮಾಡಿಸುತ್ತಿರುವವರು, ಅದರಲ್ಲೂ ನನ್ನ ಹಾಗೆ ಮದುವೆ ವಿಡಿಯೋ ಎಡಿಟಿಂಗ್ ಮಾಡುವವರು, ದಯವಿಟ್ಟು ಇದನ್ನು ಓದಿ. ಅಂಗಡಿಯವರು ‘ಸ್ಪೀಡ್ ಜಾಸ್ತಿ ಮಾಡಿದ್ದೀವಿ ಸಾರ್, ಅದಕ್ಕೆ ಎಕ್ಸ್‌ಟ್ರಾ ದುಡ್ಡು ಬೇಡ’ ಅಂದರೆ ಖುಷಿಪಡಬೇಡಿ. ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವುದು. ಅದಕ್ಕಾಗಿ ಪ್ರೊಸೆಸರ್‌ಗೆ ಎಷ್ಟು ವೋಲ್ಟೇಜ್ ಇಟ್ಟಿದ್ದೀರಿ ಎಂದು ಕೇಳಿ. ತಡವರಿಸಿದರೆ ಅಲ್ಲೇ ಎಲ್ಲ ಸೆಟ್ಟಿಂಗನ್ನೂ ‘ಆಟೋ’ಗೆ, ಅಂದರೆ ಪ್ರೊಸೆಸರ್ ತಾನೇ ನೋಡಿಕೊಳ್ಳುವ ಹಾಗೆ, ಹಾಕಿಸಿಕೊಂಡು ಬನ್ನಿ.

ನಾನು ತೆಗೆದುಕೊಂಡಿದ್ದು ಎಎಂಡಿ ಕಂಪನಿಯ ರೈಜನ್ 5 3600 ಪ್ರೊಸೆಸರ್ ಇರುವ ಸಿಸ್ಟಮ್. 6 ಕೋರ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಆರು ಭಾಗ. ಕೆಲಸಕ್ಕೆ ತಕ್ಕಂತೆ 4.2 ಗಿಗಾಹರ್ಟ್ಸ್‌ವರೆಗೆ ಅದರ ವೇಗ ತಾನಾಗೇ ಏರುತ್ತದೆ, ಇಳಿಯುತ್ತದೆ. ಅಂಗಡಿಯ ಹುಡುಗ ಅದನ್ನು ಎಲ್ಲ ಕೋರ್‌ಗಳಲ್ಲೂ 4.3ಕ್ಕೆ ಕಟ್ಟಿಹಾಕಿ ಕೊಟ್ಟ. ಅದೂ ಬಾಕ್ಸ್ ಜೊತೆ ಬರುವ ಚಿಕ್ಕ ಕೂಲರ್ ಮೇಲೆ! ಡಿಸೆಂಬರ್ ತಿಂಗಳು, ಎಸಿ ಹಾಕಿದ ಅಂಗಡಿ. ಪ್ರೊಸೆಸರ್ ವೇಗ ಅಳೆಯುವ ಸಿನಿಬೆಂಚ್ ಒಂದು ಸಲ ಓಡಿಸಿ ಸ್ಕೋರ್ ತೋರಿಸಿದ. ಸ್ಕೋರ್ ಚೆನ್ನಾಗೇ ಇತ್ತು.

ಬಣ್ಣ ಬಯಲಾಗಿದ್ದು ಏಪ್ರಿಲ್‌ನಲ್ಲಿ. ನನ್ನದು ಮಹಡಿ ಮೇಲಿನ ರೂಮು. ಮಧ್ಯಾಹ್ನ ಫ್ಯಾನ್ ಹಾಕಿದರೂ ಬಿಸಿಗಾಳಿಯೇ. ರೂಮು ಹತ್ತು ಡಿಗ್ರಿ ಜಾಸ್ತಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ ಬಿಸಿಯಾಗುತ್ತದೆ. ಕೂಲರ್‌ಗೆ ಸಿಗುವುದು ಅದೇ ಗಾಳಿ ತಾನೆ? ರೆಂಡರ್, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಫೈಲ್ ಮಾಡುವ ಕೆಲಸ, ಹಾಕಿದರೆ 90 ಡಿಗ್ರಿ ದಾಟುತ್ತಿತ್ತು. 600 ವಿಎ ಯುಪಿಎಸ್ ಓವರ್‌ಲೋಡ್ ಎಂದು ಕೂಗುತ್ತಿತ್ತು. ಆಮೇಲೆ ಸಿಸ್ಟಮ್ ನಿಂತುಹೋಗಿ ಬ್ಲೂ ಸ್ಕ್ರೀನ್ ಬರುವುದು ಶುರುವಾಯಿತು.

ಬ್ಲೂ ಸ್ಕ್ರೀನ್ ಪರವಾಗಿಲ್ಲ. ಏನೋ ಸರಿ ಇಲ್ಲ ಅಂತ ಗೊತ್ತಾದರೂ ಆಗುತ್ತದೆ. ಸದ್ದಿಲ್ಲದೆ ಫೈಲ್ ಕೆಡುತ್ತದಲ್ಲ, ಅದು ಕಷ್ಟ. ಒಂದು ಮದುವೆಯ ವಿಡಿಯೋ ರೆಂಡರ್ ಪೂರ್ತಿ ಆಯಿತು, ಯಾವ ಎರರ್ ಕೂಡ ಬರಲಿಲ್ಲ. ನೋಡಿದರೆ ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಪರದೆ ತುಂಬ ಹಸಿರು ಚೌಕಗಳು. ಹುಡುಗಿಯ ಅಪ್ಪನ ಕೈ ಕಾಣುತ್ತದೆ, ಮುಖ ಇಲ್ಲ. ಕ್ಲಿಪ್ ನೆಟ್ಟಗಿತ್ತು, ಮತ್ತೆ ರೆಂಡರ್ ಮಾಡಿ ಹೇಗೋ ಬಚಾವಾದೆ.

ಅಂಗಡಿಯಲ್ಲಿ ಮೊದಲು ‘ವಿಂಡೋಸ್ ಪ್ರಾಬ್ಲಂ, ಫಾರ್ಮ್ಯಾಟ್ ಹೊಡೀಬೇಕು’ ಅಂದರು. ಹೊಡೆದರು, ದುಡ್ಡೂ ತೆಗೆದುಕೊಂಡರು. ಆಮೇಲೆ ರ್‍ಯಾಮ್ ಮೇಲೆ ತಪ್ಪು ಹೊರಿಸಿದರು. ಕೊನೆಗೆ ‘ನಿಮ್ಮ ಏರಿಯಾದಲ್ಲಿ ಕರೆಂಟೇ ಸರಿ ಇಲ್ಲ’ ಅಂದರು. ಕರೆಂಟನ್ನು ಬೈದರೆ ಯಾರು ತಾನೇ ಇಲ್ಲ ಅಂತಾರೆ?

ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆದು ನೋಡಿದಾಗ ವ್ಹಿಯಾ-ಲಾಗರ್ (WHEA-Logger) ಎಂಬ ಹೆಸರಲ್ಲಿ ಎರರ್‌ಗಳ ಸಾಲೇ ಇತ್ತು. ಹಾರ್ಡ್‌ವೇರ್ ತಪ್ಪಿದಾಗ ಬರುವ ದೂರು ಅದು. ಬಯಾಸ್‌ನಲ್ಲಿ (ಸಿಸ್ಟಮ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡ್ ಸೆಟ್ಟಿಂಗ್) ವೋಲ್ಟೇಜ್ 1.425 ವೋಲ್ಟ್‌ಗೆ ಫಿಕ್ಸ್ ಆಗಿತ್ತು. ಆ ಹುಡುಗನನ್ನು ಕೇಳಿದರೆ, ‘ಆಟೋದಲ್ಲೂ 1.45 ಹೋಗುತ್ತಲ್ಲಾ ಸಾರ್, ನಾನು ಕಡಿಮೆನೇ ಇಟ್ಟಿದ್ದೀನಿ’ ಅಂದ.

ಹೊಸಬರು ಬೀಳುವುದು ಇದೇ ಮಾತಿಗೆ. ಆಟೋದಲ್ಲಿ ಅಷ್ಟು ಹೋಗುವುದು ನಿಜ. ಆದರೆ ಒಂದೆರಡು ಕೋರ್‌ಗೆ ಮಾತ್ರ ಕೆಲಸ ಇದ್ದಾಗ, ಕ್ಷಣಹೊತ್ತು. ಎಲ್ಲ ಕೋರ್‌ಗಳಿಗೂ ಕೆಲಸ ಬಿದ್ದ ಕೂಡಲೇ ಪ್ರೊಸೆಸರ್ ತಾನೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ಫಿಕ್ಸ್ ಮಾಡಿದರೆ ಇಳಿಯುವ ದಾರಿಯೇ ಇಲ್ಲ. ಏರು ಬಂದಾಗ ಎಕ್ಸಲೇಟರ್ ಒತ್ತುವುದು ಬೇರೆ, ತುಮಕೂರಿಂದ ಶಿರಾವರೆಗೂ ಒತ್ತಿಕೊಂಡೇ ಹೋಗುವುದು ಬೇರೆ, ಅಲ್ವಾ?

ಲೆಕ್ಕ ನೋಡಿ. ಪ್ರೊಸೆಸರ್ ಎಳೆಯುವ ಪವರ್ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ಮಾತ್ರ ಅದರ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಏರುತ್ತದೆ. 4.0 ಗಿಗಾಹರ್ಟ್ಸ್, 1.25 ವೋಲ್ಟ್‌ನಿಂದ 4.3, 1.425ಕ್ಕೆ ಹೋದರೆ ವೇಗ ಏರುವುದು ನೂರಕ್ಕೆ 7.5, ಪವರ್ ಏರುವುದು ಸುಮಾರು 40. ಗಂಟೆಯ ರೆಂಡರ್‌ನಲ್ಲಿ ಉಳಿಯುವುದು ನಾಲ್ಕು ನಿಮಿಷ. ಒಂದು ಟೀ ಕುಡಿಯುವಷ್ಟು ಹೊತ್ತು.

ಮೇಲಾಗಿ ಪ್ರೊಸೆಸರ್ ಸವೆಯುತ್ತದೆ. ಜಾಸ್ತಿ ಬಿಸಿ, ಜಾಸ್ತಿ ಕರೆಂಟ್ ಸೇರಿದರೆ ಒಳಗಿನ ತಂತಿಗಳ ಲೋಹ ಮೆಲ್ಲಗೆ ಜರುಗುತ್ತದೆ, ಎಲೆಕ್ಟ್ರೋಮೈಗ್ರೇಷನ್ ಅಂತಾರೆ. 2024ರಲ್ಲಿ ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಗಲಾಟೆ ನೆನಪಿರಬಹುದು. ಪ್ರೊಸೆಸರ್ ಒಳಗಿನ ಮೈಕ್ರೋಕೋಡ್ ಎಂಬ ಪ್ರೋಗ್ರಾಮಿನ ದೋಷದಿಂದ ಜಾಸ್ತಿ ವೋಲ್ಟೇಜ್ ಹೋಗಿ ಪ್ರೊಸೆಸರ್‌ಗಳು ಕೆಟ್ಟವು, ಕಂಪನಿಯೇ ವಾರಂಟಿಯನ್ನು 2 ವರ್ಷ ಜಾಸ್ತಿ ಮಾಡಿತು. ಅಪ್‌ಡೇಟ್ ಬಂತು, ಆದರೆ ಆಗಲೇ ಸವೆದದ್ದನ್ನು ಯಾವ ಅಪ್‌ಡೇಟೂ ಸರಿ ಮಾಡಲಿಲ್ಲ. ನನ್ನದೂ ಅಷ್ಟೇ. ಎಲ್ಲ ಆಟೋಗೆ ಹಾಕಿದ ಮೇಲೂ ಆಗಾಗ ಎರರ್ ಬರುತ್ತಿತ್ತು. ಈಗ 3.8ಕ್ಕೆ ಇಳಿಸಿಕೊಂಡು ಓಡಿಸುತ್ತಿದ್ದೇನೆ. ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಎಎಂಡಿ ವಾರಂಟಿ ಕೊಡುವುದಿಲ್ಲ. ಅಂಗಡಿಯವರು ಬಿಲ್‌ನಲ್ಲಿ ಓವರ್‌ಕ್ಲಾಕ್ ಎಂಬ ಮಾತೇ ಬರೆದಿರಲಿಲ್ಲ.

ಓವರ್‌ಕ್ಲಾಕ್ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಾಡುವ ಆಸೆ ಇದ್ದರೆ ಮೊದಲು ಒಳ್ಳೆ ಕೂಲರ್ ಹಾಕಿ. ಇಂಟೆಲ್ ಆದರೆ ಹೆಸರಿನ ಕೊನೆಗೆ ಕೆ ಇರಬೇಕು, ಮದರ್‌ಬೋರ್ಡ್ ಝಡ್ ಸರಣಿಯದ್ದಾಗಿರಬೇಕು. ರೈಜನ್ ಆದರೆ ಎ320ಯಂಥ ಅಗ್ಗದ ಬೋರ್ಡ್‌ನಲ್ಲಿ ಆಗುವುದಿಲ್ಲ. ವೋಲ್ಟೇಜ್ ಮುಟ್ಟದೆ ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ. ಎಚ್‌ಡಬ್ಲ್ಯುಇನ್ಫೋದಲ್ಲಿ (HWiNFO, ಬಿಸಿ ತೋರಿಸುವ ಪ್ರೋಗ್ರಾಂ) ಡಿಗ್ರಿ ನೋಡುತ್ತಾ, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಓಸಿಸಿಟಿಯನ್ನು (OCCT) ಗಂಟೆಗಟ್ಟಲೆ ಓಡಿಸಿ, ಮಧ್ಯಾಹ್ನದ ಬಿಸಿಲಲ್ಲೇ. ಒಂದು ನಿಮಿಷದ ಸಿನಿಬೆಂಚ್ ಪರೀಕ್ಷೆಯೇ ಅಲ್ಲ. ಎರರ್ ಬಂದರೆ ವೋಲ್ಟೇಜ್ ಏರಿಸುವ ಬದಲು ಒಂದು ಮೆಟ್ಟಿಲು ಇಳಿಯಿರಿ. ಬೂಟ್ ಆಗದಿದ್ದರೆ ಹೆದರಬೇಡಿ. ಪ್ಲಗ್ ಕಿತ್ತು, ಬೋರ್ಡ್ ಮೇಲಿನ ಬಿಲ್ಲೆ ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಬಯಾಸ್ ಮೊದಲಿನಂತಾಗುತ್ತದೆ. ಇಷ್ಟೆಲ್ಲ ಮಾಡುವಾಗ ಕಸ್ಟಮರ್ ಫೈಲ್‌ಗಳು ಆ ಸಿಸ್ಟಮ್‌ನಲ್ಲಿ ಮಾತ್ರ ಇರುವುದು ಬೇಡ.

ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ಬಯಾಸ್ ತೆಗೆಸಿ, ವೋಲ್ಟೇಜ್ ಇರುವ ಪುಟದ ಫೋಟೋ ಹೊಡೆದುಕೊಳ್ಳಿ. ಸುಮ್ನೆ ಕೂತ ಸಿಸ್ಟಮ್‌ನಲ್ಲೂ ವೇಗ ಒಂದೇ ಅಂಕಿಗೆ ಅಂಟಿಕೊಂಡಿದ್ದರೆ ಯಾರೋ ಫಿಕ್ಸ್ ಮಾಡಿರಬಹುದು ಎಂದು ಅನುಮಾನಪಡಿ. ಸೆಕೆಂಡ್ ಹ್ಯಾಂಡ್ ಸಿಸ್ಟಮ್ ಕೊಳ್ಳುವವರಂತೂ ಇದನ್ನು ನೋಡದೆ ಕೊಳ್ಳಲೇಬೇಡಿ.